ಅಕ್ಕನ ಹಳೆಯ ಗ್ರಾಫಿಂಗ್ ಕ್ಯಾಲ್ಕುಲೇಟರ್ ಸಾಕಾ, ಮೇಡಂ?

ಪ್ರಶ್ನೆ: ಮೇಡಂ, ಈ ವರ್ಷ ನನಗೆ ಕ್ಯಾಲ್ಕುಲಸ್, ಸ್ಟ್ಯಾಟಿಸ್ಟಿಕ್ಸ್ ಎರಡೂ ಇವೆ. ಗ್ರಾಫಿಂಗ್ ಕ್ಯಾಲ್ಕುಲೇಟರ್ ಬೇಕೇ ಬೇಕು ಅಂದಿದ್ದಾರೆ. ಅಕ್ಕ ಬಳಸಿದ ಟಿಐ-84 ಪ್ಲಸ್ (ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿಯದು) ಮನೆಯಲ್ಲಿದೆ. ಅಪ್ಪ ಮಾತ್ರ, "ತಗೊಳ್ಳೋದಾದ್ರೆ ದೊಡ್ಡದೇ ತಗೊಳ್ಳೋಣ, ಸಮೀಕರಣವನ್ನು ತಾನೇ ಬಿಡಿಸುವಂಥದ್ದು" ಅನ್ನುತ್ತಾರೆ. ಫೋನಿನಲ್ಲಿ ಗ್ರಾಫ್ ಬಿಡಿಸುವ ಡೆಸ್ಮೋಸ್ ಆ್ಯಪ್ ಇದೆಯಲ್ಲ, ಸುಮ್ನೆ ಯಾಕೆ ಖರ್ಚು ಅಂತ ನನಗೆ. ಏನು ಮಾಡಲಿ?
– ಒಬ್ಬ ವಿದ್ಯಾರ್ಥಿನಿ

ಉತ್ತರ: ಅಕ್ಕನದೇ ಸಾಕು. ಹೊಸದು ಬೇಡ.

ಕ್ಯಾಲ್ಕುಲಸ್ ತರಗತಿಗೆ ಈ ಯಂತ್ರದಿಂದ ಆಗಬೇಕಾದ ಕೆಲಸ ನಾಲ್ಕೇ. ನಿನಗೆ ಬೇಕಾದ ಮಿತಿಯೊಳಗೆ ಗ್ರಾಫ್ ಬಿಡಿಸಬೇಕು. ಗ್ರಾಫ್ ಎಲ್ಲಿ ಸೊನ್ನೆ ಆಗುತ್ತದೆ ಅಂತ ಹುಡುಕಬೇಕು. ಒಂದು ಬಿಂದುವಿನಲ್ಲಿ ಡೆರಿವೇಟಿವ್‌ನ, ಅಂದರೆ ಅಲ್ಲಿ ಗ್ರಾಫ್‌ನ ಇಳಿಜಾರಿನ, ಬೆಲೆ ಕೊಡಬೇಕು. ಎರಡು ಮಿತಿಗಳ ನಡುವಿನ ಇಂಟಿಗ್ರಲ್‌ನ ಬೆಲೆ ಕೊಡಬೇಕು. ಅಮೆರಿಕದ ಎಪಿ (ಅಡ್ವಾನ್ಸ್‌ಡ್ ಪ್ಲೇಸ್‌ಮೆಂಟ್) ಕ್ಯಾಲ್ಕುಲಸ್ ಪರೀಕ್ಷೆಯವರು ಕೇಳುವುದೂ ಇಷ್ಟನ್ನೇ. 2004ರಲ್ಲಿ ಬಂದ ಟಿಐ-84 ಪ್ಲಸ್ ಈ ನಾಲ್ಕನ್ನೂ ಮಾಡುತ್ತದೆ. ಸ್ಟ್ಯಾಟಿಸ್ಟಿಕ್ಸ್‌ಗೆ ಬೇಕಾದ ರಿಗ್ರೆಷನ್, ನಾರ್ಮಲ್ ಡಿಸ್ಟ್ರಿಬ್ಯೂಷನ್ ಎಲ್ಲ ಅದರಲ್ಲಿದೆ.

ಅಪ್ಪ ಹೇಳುವ ಜಾತಿಗೆ ಸಿಎಎಸ್ ಅನ್ನುತ್ತಾರೆ, ಅಂದರೆ ಕಂಪ್ಯೂಟರ್ ಆಲ್ಜೀಬ್ರಾ ಸಿಸ್ಟಮ್. ಟಿಐ-89, ಎಚ್‌ಪಿ ಪ್ರೈಮ್, ಟಿಐ-ಎನ್‌ಸ್ಪೈರ್‌ನ ಸಿಎಎಸ್ ಮಾದರಿಗಳು ಈ ಗುಂಪಿನವು. ಇವು ಬರೀ ಅಂಕಿ ಕೊಡುವುದಿಲ್ಲ, ಅಕ್ಷರಗಳನ್ನೇ ಇಟ್ಟುಕೊಂಡು ಸೂತ್ರ ಬಿಡಿಸಿಬಿಡುತ್ತವೆ. ಒಳ್ಳೆಯ ಯಂತ್ರಗಳೇ. ಆದರೆ ಎಪಿ ಕ್ಯಾಲ್ಕುಲಸ್‌ನಲ್ಲಿ ನಡೆಯುವ ಸಿಎಎಸ್ ಐಬಿ (ಇಂಟರ್‌ನ್ಯಾಷನಲ್ ಬ್ಯಾಕಲಾರಿಯೇಟ್) ಪರೀಕ್ಷೆಯಲ್ಲಿ ನಡೆಯುವುದಿಲ್ಲ. ನನ್ನ ವಿದ್ಯಾರ್ಥಿಯೊಬ್ಬನ ಇಂಥ ಕ್ಯಾಲ್ಕುಲೇಟರನ್ನು ಪರೀಕ್ಷೆಯ ದಿನ ಬಾಗಿಲಲ್ಲೇ ತೆಗೆದಿಟ್ಟುಕೊಂಡರು. ಅವತ್ತು ಅವನ ಮುಖ ನೋಡಲಾಗಲಿಲ್ಲ. ವರ್ಷವಿಡೀ ಯಂತ್ರವೇ ಡಿಫರೆನ್ಶಿಯೇಟ್ ಮಾಡಿ ಕೊಡುತ್ತಿತ್ತು, ಅವನ ಕೈಗೆ ಅಭ್ಯಾಸವೇ ಇರಲಿಲ್ಲ. ಹಾಗಾಗಿ ಯಾವುದನ್ನೇ ಕೊಳ್ಳುವ ಮುಂಚೆ ನಿನ್ನ ಪರೀಕ್ಷೆಯ ಈ ವರ್ಷದ ಪಟ್ಟಿಯಲ್ಲಿ ಆ ಮಾಡೆಲ್ ಇದೆಯಾ ನೋಡು. ಇದನ್ನು ಅಪ್ಪನಿಗೂ ಓದಿಸು.

ಡೆಸ್ಮೋಸ್ ನನಗೂ ಇಷ್ಟ, ಮನೆಯಲ್ಲಿ ಧಾರಾಳವಾಗಿ ಬಳಸು. ಆದರೆ ಪರೀಕ್ಷಾ ಕೊಠಡಿಗೆ ಫೋನ್ ಬಿಡುವುದಿಲ್ಲ, ಅಲ್ವಾ? ಬೆರಳಿಗೆ ಬಟನ್ ರೂಢಿ ಆಗಬೇಕು.

ಇನ್ನು ನಾನು ತುಂಬಾ ಹೇಳಬೇಕೆಂದಿರುವುದು ವಿಂಡೋ ಬಗ್ಗೆ, ಅಂದರೆ ಸ್ಕ್ರೀನಿನಲ್ಲಿ ಎರಡು ಅಕ್ಷಗಳೂ ಎಲ್ಲಿಂದ ಎಲ್ಲಿಯವರೆಗೆ ಕಾಣಬೇಕು ಅನ್ನುವುದು. ಜಾಸ್ತಿ ಮಕ್ಕಳು ಎಡವುವುದು ಇಲ್ಲೇ, ಯಂತ್ರ ಎಷ್ಟು ದುಬಾರಿಯಾದರೂ. ಇವತ್ತೇ ಒಂದು ಪ್ರಯೋಗ ಮಾಡು. ಎಕ್ಸ್ ಘನದಿಂದ 49 ಎಕ್ಸ್ ಕಳೆದ ಫಂಕ್ಷನ್ ಒತ್ತು. ಸ್ಟ್ಯಾಂಡರ್ಡ್ ಝೂಮ್‌ನಲ್ಲಿ, ಅಂದರೆ ಎರಡೂ ಅಕ್ಷ −10ರಿಂದ 10ರವರೆಗೆ ಇದ್ದಾಗ, ನೆಟ್ಟಗೆ ನಿಂತ ಮೂರು ಗೆರೆ ಕಾಣುತ್ತವೆ. "ಮೇಡಂ, ಇದು ಕೆಟ್ಟಿದೆ" ಅಂತ ತಂದು ತೋರಿಸಿದವರು ಎಷ್ಟೋ ಜನ. ಕೆಟ್ಟಿಲ್ಲ. ಈ ಗ್ರಾಫ್ ಮೇಲೆ 132ರವರೆಗೆ ಏರಿ, ಕೆಳಗೆ −132ರವರೆಗೆ ಇಳಿದು ತಿರುಗುತ್ತದೆ. ನೀನು ನೋಡುತ್ತಿರುವುದು ನಡುವಿನ ಚೂರನ್ನು ಮಾತ್ರ. ವೈ ಅಕ್ಷವನ್ನು −150ರಿಂದ 150 ಮಾಡು, ಆಗ ಏರಿಳಿತ ಎರಡೂ ಕಣ್ಣಿಗೆ ಬೀಳುತ್ತವೆ. ಎಲ್ಲಿ ತಿರುಗುತ್ತದೆ ಅಂತ ಮೊದಲು ಕಾಗದದ ಮೇಲೆ ಡೆರಿವೇಟಿವ್ ಹಾಕಿ ಕಂಡುಕೊಂಡರೆ, ವಿಂಡೋ ಎಷ್ಟು ಇಡಬೇಕು ಅನ್ನುವುದು ತಾನಾಗಿ ಗೊತ್ತಾಗುತ್ತದೆ. ಕ್ಯಾಲ್ಕುಲಸ್ ನಿನಗೆ ನಿಜವಾಗಿ ಹತ್ತುವುದು ಆ ಕ್ಷಣದಲ್ಲಿ.

ಸೈನ್ ಗ್ರಾಫ್ ಎಕ್ಸ್ ಅಕ್ಷಕ್ಕೆ ಅಂಟಿಕೊಂಡ ಚಪ್ಪಟೆ ಗೆರೆಯಂತೆ ಬಂದರೆ ಮೋಡ್ ನೋಡು, ಕೋನದ ಅಳತೆ ಡಿಗ್ರಿಯಲ್ಲಿರುತ್ತದೆ. ರೇಡಿಯನ್‌ಗೆ ಹಾಕು.

ಹಳೆಯ ಮಾಡೆಲ್ಲಿನಲ್ಲಿ ಒಂದು ಕೊರತೆ ಇದೆ, ಮುಚ್ಚಿಡುವುದಿಲ್ಲ. ಅದರ ಸ್ಕ್ರೀನ್ 96 ಚುಕ್ಕಿ ಅಗಲ, 64 ಚುಕ್ಕಿ ಎತ್ತರ, ಕಪ್ಪುಬಿಳುಪು. 2015ರ ಟಿಐ-84 ಪ್ಲಸ್ ಸಿಇಯಲ್ಲಿ ಅದು 320ಕ್ಕೆ 240, ಬಣ್ಣದ್ದು. ಮೂರು ನಾಲ್ಕು ಗ್ರಾಫ್ ಒಟ್ಟಿಗೆ ಹಾಕಿದಾಗ ಯಾವುದು ಯಾವುದೆಂದು ಬಣ್ಣದಲ್ಲಿ ಬೇಗ ತಿಳಿಯುತ್ತದೆ. ಕಣ್ಣಿಗೆ ತೊಂದರೆ ಇದ್ದರೆ ಅದನ್ನೋ, ಕ್ಯಾಸಿಯೊ ಎಫ್‌ಎಕ್ಸ್-ಸಿಜಿ50 ಅನ್ನೋ ಯೋಚಿಸಬಹುದು. ಆದರೆ ನಿಮ್ಮ ಟೀಚರ್ ಹಲಗೆಯ ಮುಂದೆ ನಿಂತು ಯಾವ ಕಂಪನಿಯದ್ದರಲ್ಲಿ ತೋರಿಸುತ್ತಾರೋ ಅದೇ ನಿನ್ನ ಕೈಯಲ್ಲಿದ್ದರೆ ಒಳ್ಳೆಯದು. ಮೆನು ಬೇರೆಯಾದರೆ ಪಾಠ ಬಿಟ್ಟು ಬಟನ್ ಹುಡುಕುತ್ತಾ ಕೂರಬೇಕಾಗುತ್ತದೆ.

ಅಕ್ಕನದನ್ನು ಆನ್ ಮಾಡುವ ಮೊದಲು ಹಿಂದಿನ ಮುಚ್ಚಳ ತೆಗೆ. ನಾಲ್ಕು ಎಎಎ ಸೆಲ್ ಇರುತ್ತವೆ, ಜೊತೆಗೆ ಚಿಕ್ಕದೊಂದು ಬ್ಯಾಕಪ್ ಸೆಲ್. ವರ್ಷಗಟ್ಟಲೆ ಬಿಟ್ಟಿದ್ದರೆ ಸೋರಿ ಬಿಳಿ ಪುಡಿ ಕಟ್ಟಿರಬಹುದು. ಹಳೆಯ ಸೆಲ್ ತೆಗೆದು, ಹತ್ತಿಗೆ ಸ್ವಲ್ಪ ನಿಂಬೆರಸ ಸೋಕಿಸಿ ಆ ಲೋಹದ ಪಟ್ಟಿಗಳನ್ನು ಒರೆಸು. ಪೂರ್ತಿ ಒಣಗಿದ ಮೇಲೆ ಹೊಸ ಸೆಲ್ ಹಾಕು. ಆಮೇಲೆ ಒಂದೊಂದೇ ಬಟನ್ ಒತ್ತಿ ನೋಡು. ಎಲ್ಲ ಸರಿಯಿದ್ದರೆ ಆ ಮೂರು ಗೆರೆಯ ಪ್ರಯೋಗದಿಂದಲೇ ಶುರು ಮಾಡು.