‘ದಿ ಸನ್’ ಚಿತ್ರವನ್ನು ಕೆಲವರು ತುಂಬಾ ಹೊಗಳ್ತಾರೆ, ಕೆಲವರು ಉಗೀತಾರೆ. ನಿಜಕ್ಕೂ ಹೇಗಿದೆ? ಹದಿನಾರು ವರ್ಷದ ಮಗನ ಜೊತೆ ಕೂತು ನೋಡಬಹುದಾ?

ಮೊದಲು ನೀವೊಬ್ಬರೇ ನೋಡಿ. ಮಗನ ಜೊತೆ ನೋಡುವ ವಿಚಾರ ಆಮೇಲೆ. ಅವನು ಇತ್ತೀಚೆಗೆ ಮಂಕಾಗಿದ್ದರೆ, ಊಟ ನಿದ್ದೆ ಏರುಪೇರಾಗಿದ್ದರೆ, ಸದ್ಯಕ್ಕೆ ತೋರಿಸಲೇಬೇಡಿ. ಇನ್ನು ಹೊಗಳುವವರು, ಉಗಿಯುವವರು ಇಬ್ಬರ ಮಾತಿನಲ್ಲೂ ಹುರುಳಿದೆ. ಆದರೆ ಉಗಿಯುವವರು ಬಯ್ಯಬೇಕಾದ್ದನ್ನು ಬಿಟ್ಟು ಬೇರೆ ಏನನ್ನೋ ಬಯ್ಯುತ್ತಿದ್ದಾರೆ ಅಂತ ನನಗೆ ಅನಿಸುತ್ತದೆ. ಅದನ್ನು ಹೇಳಲು ಕಥೆಯ ಕೊನೆಯನ್ನೂ ಹೇಳಬೇಕಾಗುತ್ತದೆ. ಗೊತ್ತಾಗುವುದು ಬೇಡ ಅನ್ನುವವರು ಇಲ್ಲಿಗೇ ನಿಲ್ಲಿಸಿ.

ಫ್ರಾನ್ಸಿನ ನಾಟಕಕಾರ ಫ್ಲೋರಿಯನ್ ಜೆಲ್ಲೆರ್ 2018ರಲ್ಲಿ ಇದೇ ಹೆಸರಿನ ನಾಟಕ ಬರೆದಿದ್ದರು. ಅದನ್ನು ಅವರೇ 2022ರಲ್ಲಿ ಇಂಗ್ಲಿಷಿನಲ್ಲಿ ಸಿನಿಮಾ ಮಾಡಿದರು. ನ್ಯೂಯಾರ್ಕಿನ ದೊಡ್ಡ ವಕೀಲ ಪೀಟರ್. ಮೊದಲ ಹೆಂಡತಿ ಕೇಟ್‌ಳನ್ನು ಬಿಟ್ಟು ಬೆತ್ ಜೊತೆ ಹೊಸ ಸಂಸಾರ ಹೂಡಿದ್ದಾನೆ. ಕೈಗೂಸೂ ಇದೆ. ಒಂದು ದಿನ ಕೇಟ್ ಬಾಗಿಲು ಬಡಿಯುತ್ತಾಳೆ. ಹದಿನೇಳರ ಮಗ ನಿಕೊಲಸ್ ಸುಮಾರು ಒಂದು ತಿಂಗಳಿಂದ ಸ್ಕೂಲಿಗೇ ಹೋಗಿಲ್ಲ, ತನ್ನ ಕೈಯಲ್ಲಿ ಆಗುತ್ತಿಲ್ಲ ಅನ್ನುತ್ತಾಳೆ. ಹುಡುಗ ಅಪ್ಪನ ಮನೆಗೆ ಬರುತ್ತಾನೆ. ಹೊಸ ಸ್ಕೂಲು, ಹೊಸ ರೂಮು, ಎಲ್ಲ ಸರಿಹೋಯಿತು ಅಂತ ಅಪ್ಪ ಅಂದುಕೊಳ್ಳುತ್ತಾನೆ. ಏನೂ ಸರಿಹೋಗಿರುವುದಿಲ್ಲ.

ಜನ ಎರಡು ಪಾಳಯ ಆಗಿದ್ದಕ್ಕೆ ಮುಖ್ಯ ಕಾರಣ ಜೆಲ್ಲೆರ್ ಇದಕ್ಕೂ ಮೊದಲು ಮಾಡಿದ ‘ದಿ ಫಾದರ್’. ಅದಕ್ಕೆ 2021ರಲ್ಲಿ ಎರಡು ಆಸ್ಕರ್ ಬಂದವು. ಒಂದು ಆಂಟನಿ ಹಾಪ್ಕಿನ್ಸ್ ನಟನೆಗೆ, ಇನ್ನೊಂದು ಚಿತ್ರಕಥೆಗೆ. ಮರೆವಿನ ಕಾಯಿಲೆಯ ಮುದುಕನ ತಲೆಯೊಳಗೇ ನಮ್ಮನ್ನು ಕೂರಿಸಿದ ಚಿತ್ರ ಅದು. ಮನೆಯ ಸಾಮಾನು ನಮ್ಮ ಕಣ್ಣೆದುರೇ ಬದಲಾಗುತ್ತಿತ್ತು, ಮಗಳ ಮುಖವೇ ಬೇರೆಯಾಗಿಬಿಡುತ್ತಿತ್ತು. ಅದನ್ನು ನೋಡಿ ಬೆರಗಾದವರು ಇಲ್ಲೂ ಹಾಗೇ ಹುಡುಗನ ಮನಸ್ಸಿನೊಳಗೆ ಹೋಗುತ್ತೇವೆ ಅಂತ ಬಂದು ಕೂತರು. ಇಲ್ಲಿ ಕ್ಯಾಮೆರಾ ಹೊರಗೇ ನಿಂತಿದೆ. ನಿಕೊಲಸ್ ಅಳುತ್ತಾನೆ, ಬದುಕೋದೇ ಭಾರ ಅನ್ನುತ್ತಾನೆ, ಯಾಕೆ ಅಂತ ಕೇಳಿದರೆ ಗೊತ್ತಿಲ್ಲ ಅನ್ನುತ್ತಾನೆ. ಹುಡುಗನ ಪಾತ್ರ ಬರೆದೇ ಇಲ್ಲ, ಝೆನ್ ಮೆಕ್‌ಗ್ರಾತ್ ನಟನೆ ಮರಗಟ್ಟಿದೆ, ಬರೀ ಅಳಿಸುವ ಚಿತ್ರ ಅಂತ ಎಷ್ಟೋ ವಿಮರ್ಶಕರು ಬರೆದರು. ಅದೇ ಚಿತ್ರಕ್ಕೆ ವೆನಿಸ್ ಚಿತ್ರೋತ್ಸವದಲ್ಲಿ ಜನ ಎದ್ದು ನಿಂತು ಚಪ್ಪಾಳೆ ಹೊಡೆದಿದ್ದರು. ಪೀಟರ್ ಆಗಿ ನಟಿಸಿದ ಹ್ಯೂ ಜಾಕ್‌ಮನ್ ಹೆಸರು ಗೋಲ್ಡನ್ ಗ್ಲೋಬ್ ಪಟ್ಟಿಗೂ ಬಂತು.

ಹುಡುಗನ ಒಳಗು ಕಾಣಲಿಲ್ಲ ಅನ್ನುವ ದೂರು ನನಗೆ ಒಪ್ಪಿಗೆಯಿಲ್ಲ. ಹೆಸರು ಮಗನದಾದರೂ ಈ ಚಿತ್ರ ಪೂರ್ತಿ ಅಪ್ಪನ ಕಣ್ಣಿನದು. ಗಮನಿಸಿ ನೋಡಿ: ಇಡೀ ಚಿತ್ರದಲ್ಲಿ ನಾವು ಯಾರದಾದರೂ ಮನಸ್ಸಿನೊಳಗೆ ಹೋಗುವುದಾದರೆ ಅದು ಪೀಟರ್‌ನ ಮನಸ್ಸು. ಹಿಂದೊಮ್ಮೆ ರಜೆಯಲ್ಲಿ ಕಾರ್ಸಿಕಾ ಕಡಲಲ್ಲಿ ಪುಟ್ಟ ಮಗನಿಗೆ ಈಜು ಕಲಿಸಿದ ನೆನಪು ಅವನದು. ಕೊನೆಯಲ್ಲಿ ಬರುವ ಕನಸೂ ಅವನದೇ. ಅವನಿಗೆ ಮಗ ಅರ್ಥವಾಗಲಿಲ್ಲ, ಹಾಗಾಗಿ ನಮಗೂ ಅರ್ಥವಾಗುವುದಿಲ್ಲ. ಮನೆಯಲ್ಲಿ ಖಿನ್ನತೆಯಂಥ ಕಾಯಿಲೆ ಇದ್ದಾಗ ಹೊರಗಿನವರಿಗೆ ಆಗುವುದೇ ಹೀಗೆ ಅಲ್ವಾ? ಎದುರಿಗೇ ಕೂತು ಊಟ ಮಾಡುತ್ತಿರುತ್ತಾರೆ, ಒಳಗೆ ಏನು ನಡೆಯುತ್ತಿದೆ ಅಂತ ಸುಳಿವೇ ಸಿಗುವುದಿಲ್ಲ.

ಪೀಟರ್ ವಕೀಲ ಅನ್ನುವುದೂ ಸುಮ್ನೆ ಇಟ್ಟದ್ದಲ್ಲ. ಮಗನ ಜೊತೆ ಮಾತಿಗೆ ಕೂತಾಗಲೆಲ್ಲ ಅವನು ಪಾಟೀಸವಾಲು ಶುರು ಮಾಡುತ್ತಾನೆ. ಸ್ಕೂಲಿಗೆ ಯಾಕೆ ಹೋಗಲಿಲ್ಲ? ಹಾಗಾದರೆ ಇಡೀ ದಿನ ಎಲ್ಲಿದ್ದೆ? ಸುಳ್ಳು ಯಾಕೆ ಹೇಳಿದೆ? ಪ್ರತಿಯೊಂದಕ್ಕೂ ಕಾರಣ ಬೇಕು, ಕಾರಣ ಸಿಕ್ಕರೆ ಕೇಸು ಮುಗಿಸಬಹುದು ಅನ್ನುವ ಧಾಟಿ. ನನ್ನ ಮಗನೂ ಪಿಯುಸಿಯಲ್ಲಿದ್ದಾನೆ. ಮಾರ್ಕ್ಸ್ ಕಾರ್ಡ್ ಬಂದ ದಿನ ನಮ್ಮ ಮನೆಯಲ್ಲಿ ನಡೆಯುವ ಮಾತುಕತೆಗೂ ಇದಕ್ಕೂ ದೊಡ್ಡ ವ್ಯತ್ಯಾಸವೇನೂ ಕಾಣಲಿಲ್ಲ.

ಹಾಪ್ಕಿನ್ಸ್ ಇಲ್ಲೂ ಇದ್ದಾರೆ, ಪೀಟರ್‌ನ ಅಪ್ಪನಾಗಿ, ಒಂದೇ ಒಂದು ದೃಶ್ಯದಲ್ಲಿ. ವಾಷಿಂಗ್ಟನ್ನಿನಲ್ಲಿ ಅಪ್ಪ ಮಗ ಊಟಕ್ಕೆ ಕೂತಿರುತ್ತಾರೆ. ನಿಕೊಲಸ್‌ಗೆ ತನ್ನ ಅಗತ್ಯ ಇದೆ, ಅದಕ್ಕೇ ಹೊಸ ಕೆಲಸ ಬಿಡಬೇಕೇನೋ ಅಂತ ಪೀಟರ್ ಹೇಳಿದರೆ ಮುದುಕ ನಗುತ್ತಾನೆ. ಮಗ ತನ್ನ ಮೇಲಿನ ಹಳೇ ಸಿಟ್ಟು ತೀರಿಸಲು ಒಳ್ಳೆಯ ಅಪ್ಪನ ವೇಷ ಹಾಕಿ ಬಂದಿದ್ದಾನೆ ಅಂತ ಅವನಿಗೆ ಗುಮಾನಿ. ಎಂದೋ ಆದ ನೋವನ್ನು ಈ ವಯಸ್ಸಿನಲ್ಲೂ ಹಿಡಿದುಕೊಂಡು ಕೂತಿದ್ದೀಯಲ್ಲ, ಬಿಟ್ಟುಹಾಕು ಅಂತ ಕೆಟ್ಟದಾಗಿ ಬಯ್ಯುತ್ತಾನೆ. ಕೆಲವೇ ನಿಮಿಷದ ದೃಶ್ಯ, ಆದರೆ ಪೀಟರ್ ಯಾವ ಮನೆಯಿಂದ ಬಂದವನು ಅಂತ ಅಷ್ಟರಲ್ಲೇ ಗೊತ್ತಾಗುತ್ತದೆ. ಮುಂದೆ ಜಗಳ ಜೋರಾದಾಗ ಅದೇ ಅಪ್ಪನ ದನಿ ಪೀಟರ್‌ನ ಬಾಯಲ್ಲಿ ಬರುತ್ತದೆ. ಬರುತ್ತಿದೆ ಅಂತ ಅವನಿಗೂ ಗೊತ್ತಾಗುತ್ತದೆ, ನಿಲ್ಲಿಸಲು ಆಗುವುದಿಲ್ಲ.

ಒಂದು ಕುಣಿತದ ದೃಶ್ಯವಿದೆ. ಪೀಟರ್ ಹಳೇ ಹಾಡು ಹಾಕಿ ಸೊಂಟ ಕುಣಿಸುತ್ತಾನೆ, ಬೆತ್ ನಗುತ್ತಾಳೆ, ನಿಕೊಲಸ್ ಕೂಡ ಎದ್ದು ಬರುತ್ತಾನೆ. ಚಿತ್ರದಲ್ಲಿ ಎಲ್ಲರೂ ಒಟ್ಟಿಗೆ ನಗುವುದು ಅಲ್ಲೇ ಅನ್ನಬೇಕು. ಸ್ವಲ್ಪ ಹೊತ್ತಿಗೆ ಹುಡುಗ ಆ ಕುಣಿತದಿಂದ ಕಳಚಿಕೊಳ್ಳುತ್ತಾನೆ, ದೊಡ್ಡವರಿಬ್ಬರೂ ತಮ್ಮಷ್ಟಕ್ಕೆ ಕುಣಿಯುತ್ತಲೇ ಇರುತ್ತಾರೆ. ನಟನೆ ಮರಗಟ್ಟಿದೆ ಅನ್ನುವವರು ಈ ಜಾಗವನ್ನು ಇನ್ನೊಮ್ಮೆ ನೋಡಬೇಕು.

ಆಸ್ಪತ್ರೆಯ ದೃಶ್ಯದ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ನಿಕೊಲಸ್ ಒಮ್ಮೆ ಸಾಯಲು ಹೋಗಿ ಉಳಿದಿದ್ದಾನೆ. ಹುಡುಗ ಇಲ್ಲೇ ಇರಬೇಕು, ಬರೀ ಪ್ರೀತಿಯಿಂದ ಇದು ಗುಣವಾಗುವುದಿಲ್ಲ ಅಂತ ಡಾಕ್ಟರು ಶಾಂತವಾಗಿ ಹೇಳುತ್ತಾರೆ. ಹುಡುಗ ಕಣ್ಣೀರಿಟ್ಟು ಬೇಡುತ್ತಾನೆ. ಇನ್ನು ಹಾಗೆ ಮಾಡಲ್ಲ, ಮನೆಗೆ ಕರ್ಕೊಂಡು ಹೋಗಿ ಅನ್ನುತ್ತಾನೆ. ಅಪ್ಪ ಅಮ್ಮ ಮೊದಲು ಗಟ್ಟಿ ಮನಸ್ಸು ಮಾಡಿದರೂ ಕೊನೆಗೆ ಕರೆದುಕೊಂಡು ಬರುತ್ತಾರೆ. ನೋಡುವಾಗ ನನಗೂ ಅದೇ ಬೇಕಿತ್ತು ಅನ್ನುವುದೇ ಆ ದೃಶ್ಯದ ಗೆಲುವು. ಸಹಿ ಹಾಕ್ರಪ್ಪಾ, ಬಿಡಿಸಿಕೊಂಡು ಬನ್ನಿ ಅಂತ ಒಳಗೊಳಗೇ ಅನ್ನುತ್ತಿದ್ದೆ. ನಮ್ಮ ಕಡೆ ಇದು ಇನ್ನೂ ಬೇಗ ಆಗುತ್ತದೆ. ಮನೆ ಊಟ ಮಾಡಿದರೆ ಸರಿಹೋಗ್ತಾನೆ, ಒಂದು ಸಲ ಧರ್ಮಸ್ಥಳಕ್ಕೆ ಹೋಗಿ ಬರೋಣ, ಅಲ್ಲೇ ಇದ್ದರೆ ಜನ ಏನಂತಾರೆ. ಪ್ರೀತಿ, ಮರ್ಯಾದೆ ಎರಡೂ ಸೇರಿ ಡಾಕ್ಟರ ಮಾತನ್ನು ಸೋಲಿಸುತ್ತವೆ.

ಈಗ ನನ್ನ ತಕರಾರು. ಮನೆಯಲ್ಲಿ ವಾಷಿಂಗ್ ಮೆಷಿನ್ ಇರುವ ಕೋಣೆಯಲ್ಲಿ ಒಂದು ಬಂದೂಕು ಇದೆ. ಪೀಟರ್‌ಗೆ ಅವನ ಅಪ್ಪ ಕೊಟ್ಟದ್ದು. ಅದು ಅಲ್ಲಿದೆ ಅಂತ ಚಿತ್ರ ನಮಗೆ ಮೊದಲೇ ತೋರಿಸುತ್ತದೆ, ಕ್ಯಾಮೆರಾ ಮತ್ತೆ ಮತ್ತೆ ಆ ಮೆಷಿನ್ ಕಡೆ ಹೋಗುತ್ತದೆ. ಆಸ್ಪತ್ರೆಯಿಂದ ಬಂದ ಹುಡುಗ ಚಹಾ ಮಾಡಿಕೊಡುತ್ತಾನೆ, ಸ್ನಾನಕ್ಕೆ ಅಂತ ಹೋಗುತ್ತಾನೆ, ಮುಂದಿನದು ನಮಗೆ ಗೊತ್ತೇ ಇರುತ್ತದೆ. ಆತ್ಮಹತ್ಯೆಯನ್ನು ಯಾವಾಗ ಆಗುತ್ತದೋ ಅಂತ ಕಾಯುವ ಕುತೂಹಲದ ಆಟ ಮಾಡಿದ್ದು ನನಗೆ ಇಷ್ಟವಾಗಲಿಲ್ಲ. ಇನ್ನೂ ದೊಡ್ಡ ತಪ್ಪು ಬೇರೆ ಇದೆ. ಹಣೆಬರಹ, ಏನು ಮಾಡಿದರೂ ತಪ್ಪುತ್ತಿರಲಿಲ್ಲ ಅನ್ನುವ ಹಾಗೆ ಕಥೆ ಮುಗಿಯುತ್ತದೆ. ತಪ್ಪುತ್ತಿತ್ತು! ಆ ಬಂದೂಕನ್ನು ಮನೆಯಿಂದ ಆಚೆ ಕಳಿಸಿದ್ದರೆ ಅವತ್ತಿನ ಮಧ್ಯಾಹ್ನ ಬೇರೆಯೇ ಆಗಿರಬಹುದಿತ್ತು. ಸಾಯಬೇಕು ಅನ್ನುವ ತೀವ್ರವಾದ ತುಡಿತ ಎಷ್ಟೋ ಸಲ ಸ್ವಲ್ಪ ಹೊತ್ತಿನದು, ಆ ಹೊತ್ತಿನಲ್ಲಿ ಸಾಧನ ಕೈಗೆ ಸಿಗದಿದ್ದರೆ ಜೀವ ಉಳಿಯುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಆತ್ಮಹತ್ಯೆ ತಡೆಯುವ ಮುಖ್ಯ ದಾರಿಗಳಲ್ಲಿ ಇದನ್ನೂ ಸೇರಿಸಿದೆ. ನಮ್ಮಲ್ಲಿ ಕೊಡಗು, ಮಲೆನಾಡಿನ ಕೆಲವು ಮನೆ ಬಿಟ್ಟರೆ ಬಂದೂಕು ಇರುವುದಿಲ್ಲ. ಹೊಲಕ್ಕೆ ಹೊಡೆಯುವ ಔಷಧಿ, ಅಜ್ಜ ಅಜ್ಜಿಯ ಮಾತ್ರೆ ಡಬ್ಬಿ ಇರುತ್ತವೆ. ಬೀಗ ಹಾಕಬೇಕಾದ್ದು ಅವಕ್ಕೆ.

ಚಿಕಿತ್ಸೆಯಿಂದ ಇಂಥ ಎಷ್ಟೋ ಹುಡುಗರು ಚೇತರಿಸಿಕೊಳ್ಳುತ್ತಾರೆ ಅನ್ನುವುದೂ ಚಿತ್ರದಲ್ಲಿ ಕಾಣುವುದಿಲ್ಲ. ಅದಕ್ಕೇ ಈಗಾಗಲೇ ಕುಗ್ಗಿರುವ ಹುಡುಗನಿಗೆ ತೋರಿಸಬೇಡಿ ಅಂದದ್ದು. ಕೊನೆಯ ಕನಸಂತೂ ಅವನಿಗೆ ಬೇಡವೇ ಬೇಡ. ವರ್ಷಗಳು ಕಳೆದ ಮೇಲೆ ನಿಕೊಲಸ್ ಚೆನ್ನಾಗಿ ಬೆಳೆದು, ತಾನು ಬರೆದ ಪುಸ್ತಕ ಹಿಡಿದು ಮನೆಗೆ ಬರುತ್ತಾನೆ. ಅಬ್ಬಾ ಅಂತ ಉಸಿರು ಬಿಡುವಷ್ಟರಲ್ಲಿ ಅದು ಪೀಟರ್‌ನ ಕಲ್ಪನೆ ಅಂತ ಗೊತ್ತಾಗುತ್ತದೆ. ಇದು ಮೋಸ ಅಂತ ಹಲವರು ಸಿಟ್ಟಾದರು. ನನಗೆ ಸಿಟ್ಟು ಬರಲಿಲ್ಲ. ಮಗ ಬದುಕಿದ್ದರೆ ಹೀಗಿರುತ್ತಿದ್ದ ಅಂತ ಅಂದುಕೊಳ್ಳದ ಅಪ್ಪ ಯಾರಿದ್ದಾರೆ?

ನಿಮ್ಮ ಮಗ ಆರಾಮಾಗಿದ್ದು, ಗಂಭೀರ ಸಿನಿಮಾ ನೋಡುವ ಅಭ್ಯಾಸ ಇದ್ದರೆ ಜೊತೆಗೆ ಕೂತು ನೋಡಬಹುದು. ಅಮೆರಿಕದಲ್ಲಿ ಇದಕ್ಕೆ ಪಿಜಿ-13 ಪ್ರಮಾಣಪತ್ರ ಕೊಟ್ಟಿದ್ದಾರೆ, ಅಂದರೆ ಹದಿಮೂರರ ಒಳಗಿನ ಮಕ್ಕಳ ವಿಷಯದಲ್ಲಿ ಅಪ್ಪ ಅಮ್ಮ ಎಚ್ಚರ ವಹಿಸಬೇಕು ಅಂತ. ಎರಡು ಗಂಟೆಯ ಚಿತ್ರ, ರಾತ್ರಿ ಮಲಗುವ ಹೊತ್ತಿಗೆ ಹಾಕಬೇಡಿ. ಮುಗಿದ ಮೇಲೆ ಪಾಠ ಹೇಳಲು ಹೋಗಬೇಡಿ, ಅವನು ಏನಾದರೂ ಹೇಳಿದರೆ ಕೇಳಿಸಿಕೊಳ್ಳಿ. ನೀವು ಈ ಪ್ರಶ್ನೆ ಕೇಳಿದ್ದರ ಹಿಂದೆ ಮಗನ ಬಗ್ಗೆ ಏನಾದರೂ ಆತಂಕ ಇದ್ದರೆ ಸಿನಿಮಾ ಬಿಡಿ, ಅವನನ್ನೇ ನೇರವಾಗಿ ಕೇಳಿ. ಸಾಯಬೇಕು ಅನಿಸುತ್ತಿದೆಯಾ ಅಂತ ಕೇಳಿದರೆ ಆ ಯೋಚನೆ ತಲೆಗೆ ಹೊಕ್ಕಿಬಿಡುತ್ತದೆ ಅನ್ನುವುದು ಸುಳ್ಳು. ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿಗಾದರೂ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಬೇಕಿಲ್ಲ. ಬೆಂಗಳೂರಿನ ನಿಮ್ಹಾನ್ಸ್ ಇದರ ಮೇಲುಸ್ತುವಾರಿ ನೋಡುತ್ತದೆ. ಮಗನೇ ಮಾಡಬೇಕು ಅಂತಿಲ್ಲ, ನೀವೂ ಮಾಡಬಹುದು.

ಹಾಂ, ಬೆತ್ ಪಾತ್ರದ ಬಗ್ಗೆ ಹೇಳುವುದೇ ಮರೆತೆ. ವನೆಸ್ಸಾ ಕರ್ಬಿ ಮಾಡಿದ್ದಾರೆ. ನಿಕೊಲಸ್ ಕೈಗೆ ಕೂಸನ್ನು ಕೊಟ್ಟು ಹೊರಗೆ ಹೋಗಲು ಅವಳು ಒಪ್ಪುವುದಿಲ್ಲ. ಅವಳದು ಕಲ್ಲು ಮನಸ್ಸು ಅಂತ ನಾನು, ಕೂಸಿನ ತಾಯಿ ಇನ್ನೇನು ಮಾಡಬೇಕಿತ್ತು ಅಂತ ನನ್ನ ಹೆಂಡತಿ. ನಮ್ಮ ಮನೆಯಲ್ಲಿ ಈ ಜಗಳ ಇನ್ನೂ ಮುಗಿದಿಲ್ಲ. ನೀವು ನೋಡಿದ ಮೇಲೆ ಯಾರ ಕಡೆ ಅಂತ ತಿಳಿಸಿ.