ಕಾಲು ತೆಗೆದರೂ ಕಾರು ಓಡುತ್ತಲ್ಲ, ಹೇಗೆ?

ಪ್ರಶ್ನೆ: ಮಗ ಹೊಸ ಕಾರು ತಗೊಂಡಿದ್ದಾನೆ. ಬೆಂಗಳೂರಿಗೆ ಹೋಗುವಾಗ ಹೈವೇಯಲ್ಲಿ ಕ್ರೂಸ್ ಕಂಟ್ರೋಲ್ ಹಾಕಿ ಆಕ್ಸಿಲರೇಟರ್ ಮೇಲಿಂದ ಕಾಲೇ ತೆಗೆದುಬಿಡುತ್ತಾನೆ. ಫ್ಲೈಓವರ್ ಹತ್ತುವಾಗಲೂ ಸ್ಪೀಡ್ ಇಳಿಯುವುದಿಲ್ಲ. ಪಕ್ಕದಲ್ಲಿ ಕೂತ ನನಗೆ ಜೀವ ಬಾಯಿಗೆ ಬರುತ್ತದೆ. ಇದು ಹೇಗೆ ಕೆಲಸ ಮಾಡುತ್ತದೆ? ಮುಂದೆ ಲಾರಿ ಸಿಕ್ಕರೆ ತಾನೇ ಬ್ರೇಕ್ ಹಾಕುತ್ತದಾ?
– ಒಬ್ಬ ತಾಯಿ, ಮಂಡ್ಯ

ಉತ್ತರ: ಲಾರಿ ವಿಷಯ ಮೊದಲು ಹೇಳಿಬಿಡುತ್ತೇನೆ ಅಮ್ಮಾ. ಮಾಮೂಲಿ ಕ್ರೂಸ್ ಕಂಟ್ರೋಲ್‌ಗೆ ಲಾರಿ ಗೊತ್ತಿಲ್ಲ, ಹಸು ಗೊತ್ತಿಲ್ಲ, ರಸ್ತೆಯೇ ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ಸ್ಪೀಡ್ ಒಂದೇ. ಬ್ರೇಕ್ ನಿಮ್ಮ ಮಗನೇ ಒತ್ತಬೇಕು.

ನಿಮ್ಮೂರ ಕಡೆ ಆಲೆಮನೆ ನೋಡಿರುತ್ತೀರಿ ಅಲ್ವಾ? ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುವಾಗ ಒಲೆ ಮುಂದೆ ಒಬ್ಬರು ಕೂತಿರುತ್ತಾರೆ. ಕುದಿ ತಗ್ಗಿದರೆ ಇನ್ನಷ್ಟು ಒಣಸಿಪ್ಪೆ ತಳ್ಳುತ್ತಾರೆ, ಉಕ್ಕಿ ಬಂದರೆ ಕೈ ತಡೆಯುತ್ತಾರೆ. ಇಲ್ಲೂ ಅದೇ ಕೆಲಸ. ಮಗ 90ಕ್ಕೆ ಸೆಟ್ ಮಾಡಿದ ಅಂದುಕೊಳ್ಳಿ. ಕಾರು ಎಷ್ಟು ವೇಗದಲ್ಲಿದೆ ಅಂತ ಸೆನ್ಸರ್ ಒಳಗಿನ ಕಂಪ್ಯೂಟರ್‌ಗೆ ಹೇಳುತ್ತಲೇ ಇರುತ್ತದೆ. ಫ್ಲೈಓವರ್ ಏರಿನಲ್ಲಿ ಅದು 88 ಆದ ಕೂಡಲೇ, ಇಂಜಿನ್‌ಗೆ ಗಾಳಿ ಬಿಡುವ ಥ್ರಾಟಲ್ ಬಾಗಿಲನ್ನು ಒಂದು ಸಣ್ಣ ಮೋಟಾರ್ ಸ್ವಲ್ಪ ಜಾಸ್ತಿ ತೆರೆಯುತ್ತದೆ, ಅದಕ್ಕೆ ತಕ್ಕಷ್ಟು ಪೆಟ್ರೋಲ್ ಹೋಗುತ್ತದೆ. ಡೀಸೆಲ್ ಕಾರಾದರೆ ನೇರವಾಗಿ ಡೀಸೆಲ್ಲೇ ಜಾಸ್ತಿ ಹೋಗುತ್ತದೆ. ಕಿವಿಗೊಡಿ, ಆಗ ಇಂಜಿನ್ ಸದ್ದು ಒಂದಿಷ್ಟು ದಪ್ಪ ಆಗುತ್ತದೆ.

ನನಗೆ ತುಂಬಾ ಇಷ್ಟವಾಗುವುದು ಇದರ ಹದ. 88 ಕಂಡ ತಕ್ಷಣ ಬಾಗಿಲು ಪೂರ್ತಿ ತೆರೆದರೆ ಕಾರು 95ಕ್ಕೆ ಜಿಗಿಯುತ್ತದೆ, ಹೆದರಿ ಮುಚ್ಚಿದರೆ 85ಕ್ಕೆ ಬೀಳುತ್ತದೆ, ಒಳಗಿದ್ದವರಿಗೆ ವಾಂತಿ ಬರುತ್ತದೆ. ಅದಕ್ಕೇ ಕಂಪ್ಯೂಟರ್ ಎಷ್ಟು ಕಮ್ಮಿಯಾಗಿದೆ ಅನ್ನುವುದರ ಜೊತೆಗೆ, ಎಷ್ಟು ಹೊತ್ತಿಂದ ಕಮ್ಮಿ ಇದೆ, ಎಷ್ಟು ಬೇಗ ಬದಲಾಗುತ್ತಿದೆ ಅಂತಲೂ ಲೆಕ್ಕ ಹಾಕುತ್ತದೆ.

ಅಂದಹಾಗೆ, ಇದರ ಹಿಂದೆ ಇರುವವರೂ ನಿಮ್ಮ ಹಾಗೆ ಪಕ್ಕದ ಸೀಟಿನಲ್ಲಿ ಕೂತು ಕಷ್ಟಪಟ್ಟವರೇ. ಅಮೆರಿಕದ ರಾಲ್ಫ್ ಟೀಟರ್‌ಗೆ ಐದನೇ ವಯಸ್ಸಿನಿಂದ ಕಣ್ಣು ಕಾಣುತ್ತಿರಲಿಲ್ಲ, ಆದರೂ ದೊಡ್ಡ ಇಂಜಿನಿಯರ್ ಆದರು. ಅವರ ವಕೀಲರು ಮಾತಾಡುತ್ತಾ ಕಾರು ಓಡಿಸುವಾಗ ಸ್ಪೀಡ್ ಏರಿಳಿದು ಎಳೆದಾಡಿದ ಹಾಗಾಗುತ್ತಿತ್ತಂತೆ. ಆ ಕಿರಿಕಿರಿಯಿಂದ ಹುಟ್ಟಿದ್ದಕ್ಕೆ 1950ರಲ್ಲಿ ಪೇಟೆಂಟ್ ಸಿಕ್ಕಿತು, 1958ರ ಕ್ರೈಸ್ಲರ್ ಕಾರುಗಳಲ್ಲಿ ಬಂತು.

ಈಗ ಕೆಲವು ಕಾರುಗಳಲ್ಲಿ ಅಡಾಪ್ಟಿವ್ ಅಂತ ಬರುತ್ತದೆ. ಅದು ಮುಂದಿನ ಗಾಡಿಯನ್ನು ರೇಡಾರ್‌ನಲ್ಲಿ ನೋಡಿ ಅಂತರ ಇಟ್ಟುಕೊಳ್ಳುತ್ತದೆ, ಬ್ರೇಕನ್ನೂ ಹಾಕುತ್ತದೆ. ಮಗನ ಕಾರಿನಲ್ಲಿ ಯಾವುದಿದೆ ಅಂತ ಕೇಳಿಕೊಳ್ಳಿ. ಅದಿದ್ದರೂ ಪೂರ್ತಿ ನಂಬಿ ಕೂರುವ ಹಾಗಿಲ್ಲ.

ಮಳೆಯಲ್ಲಿ ಮಾತ್ರ ಇದನ್ನು ಹಾಕಲೇಬೇಡ ಅಂತ ಹೇಳಿ, ನೀರು ನಿಂತ ಕಡೆ ಟೈರ್ ಜಾರುತ್ತದೆ. ಇಳಿಜಾರಿನಲ್ಲೂ ಹುಷಾರು, ಮಾಮೂಲಿಯದು ಇಂಜಿನ್ ಬಿಗಿ ಸಡಿಲ ಮಾಡಬಲ್ಲದೇ ಹೊರತು ಬ್ರೇಕ್ ಹಿಡಿಯುವುದಿಲ್ಲ, ಸ್ಪೀಡ್ 90 ದಾಟಬಹುದು. ಬ್ರೇಕ್ ಮೇಲೆ ಕಾಲಿಟ್ಟು ಒತ್ತಿದರೆ ಸಾಕು, ಕ್ರೂಸ್ ತಾನೇ ಬಿಟ್ಟುಕೊಡುತ್ತದೆ.

ಮುಂದಿನ ಸಲ ಮಗನ ಬಲಗಾಲು ನೋಡಿ. ಬ್ರೇಕ್ ಪಕ್ಕದಲ್ಲೇ ಇದ್ದರೆ ನೆಮ್ಮದಿಯಾಗಿರಿ. ಮಡಚಿಕೊಂಡು ಸೀಟಿನ ಕಡೆ ಎಳೆದುಕೊಂಡಿದ್ದರೆ ಸುಮ್ನೆ ಇರಬೇಡಿ, ಅಲ್ಲೇ ಗದರಿ.