ಪಿ0101 ಕೋಡ್ ಬಂದರೆ ಸೆನ್ಸರ್ ಬದಲಿಸಲೇಬೇಕೆ?

ಪ್ರಶ್ನೆ: ನನ್ನ ಪೆಟ್ರೋಲ್ ಕಾರಿನಲ್ಲಿ ಚೆಕ್ ಎಂಜಿನ್ ಲೈಟ್ ಹತ್ತಿಕೊಂಡಿದೆ. ಐಡ್ಲಿಂಗ್ ಏರುಪೇರಾಗುತ್ತದೆ, ಪಿಕಪ್ ಇಲ್ಲ. ಸ್ಕ್ಯಾನರ್ ಪಿ0101 ತೋರಿಸುತ್ತಿದೆ. ಮಾಸ್ ಏರ್ ಫ್ಲೋ ಸೆನ್ಸರನ್ನು ನಾನೇ ಬದಲಿಸಬಹುದೆ?

ಉತ್ತರ: ಬದಲಿಸಬಹುದು, ಕೆಲಸ ಸುಲಭ. ಆದರೆ ದುಡ್ಡು ಸುರಿಯುವ ಮೊದಲು ಸ್ವಲ್ಪ ತಡೆಯಿರಿ. ಎಂಜಿನ್ ಒಳಗೆ ಹೋಗುವ ಗಾಳಿಯನ್ನು ಅಳೆಯುವ ಈ ಸೆನ್ಸರ್ ಹೇಳುವ ಲೆಕ್ಕ ಇಸಿಯು (ಎಂಜಿನ್‌ನ ಕಂಪ್ಯೂಟರ್) ಅಂದಾಜಿಗೆ ತಾಳೆಯಾಗುತ್ತಿಲ್ಲ ಎಂದಷ್ಟೇ ಈ ಕೋಡ್‌ನ ಅರ್ಥ. ಸೆನ್ಸರ್‌ನಿಂದ ಥ್ರಾಟಲ್ ಬಾಡಿಗೆ (ಎಂಜಿನ್‌ಗೆ ಗಾಳಿ ಬಿಡುವ ಕವಾಟದ ಭಾಗ) ಹೋಗುವ ರಬ್ಬರ್ ಹೋಸ್ ಸೀಳಿದ್ದರೂ ಇದೇ ಕೋಡ್ ಬರುತ್ತದೆ: ಅಲ್ಲಿಂದ ನುಗ್ಗುವ ಗಾಳಿ ಸೆನ್ಸರ್ ಲೆಕ್ಕಕ್ಕೆ ಸಿಗುವುದಿಲ್ಲ. ಹೋಸನ್ನು ಬಗ್ಗಿಸಿ, ಮಡಿಕೆಗಳ ಸಂದಿ ನೋಡಿ. ಬಿರುಕು ಅಡಗಿರುವುದೇ ಅಲ್ಲಿ.

ಹೋಸ್ ಸರಿಯಿದ್ದರೆ ಎಂಜಿನ್ ಬಿಸಿಯಾದ ಮೇಲೆ, ಎಸಿ ಆಫ್ ಮಾಡಿ, ಸ್ಕ್ಯಾನರ್‌ನಲ್ಲಿ ಲೈವ್ ಡೇಟಾ (ಆ ಕ್ಷಣದ ರೀಡಿಂಗ್) ನೋಡಿ. ಐಡ್ಲಿಂಗ್‌ನಲ್ಲಿ ಸಾಮಾನ್ಯವಾಗಿ ಪ್ರತಿ ಲೀಟರ್ ಎಂಜಿನ್‌ಗೆ ಸೆಕೆಂಡಿಗೆ ಸುಮಾರು 1 ಗ್ರಾಂ ಗಾಳಿ ಎಂಬುದು ಒರಟು ಲೆಕ್ಕ. ಆಕ್ಸಿಲರೇಟರ್ ಒತ್ತಿದಂತೆ ಸಂಖ್ಯೆ ಸರಾಗವಾಗಿ ಏರಬೇಕು. ತಡವರಿಸಿದರೆ ಸೆನ್ಸರ್ ಮೇಲೆ ಅನುಮಾನ.

ಆಗಲೂ ಮೊದಲು ತೊಳೆದು ನೋಡಿ. ಇಗ್ನಿಷನ್ ಆಫ್ ಮಾಡಿ, ಕನೆಕ್ಟರ್‌ನ ಲಾಕ್ ಒತ್ತಿ ಎಳೆಯಿರಿ, ವೈರ್ ಹಿಡಿದು ಎಳೆಯಬೇಡಿ. ಸ್ಕ್ರೂಗಳು ಹೆಚ್ಚಾಗಿ ಎರಡು. ಟಾರ್ಕ್ಸ್ (ನಕ್ಷತ್ರಾಕಾರದ ತಲೆ) ಆಗಿದ್ದರೆ ಅದರದೇ ಬಿಟ್ ಬೇಕು. ಏರ್ ಫ್ಲೋ ಸೆನ್ಸರ್‌ಗೆಂದೇ ಬರುವ ಸ್ಪ್ರೇಯನ್ನು 10–15 ಸಲ ಹೊಡೆದು, ಪೂರ್ತಿ ಒಣಗಲು ಬಿಡಿ. ಕಾರ್ಬ್ ಕ್ಲೀನರ್ ಖಂಡಿತ ಬೇಡ. ಹತ್ತಿ, ಬ್ರಷ್, ಬೆರಳು ಯಾವುದೂ ಒಳಗಿನ ಸೂಕ್ಷ್ಮ ಎಲಿಮೆಂಟ್‌ಗೆ ತಾಗಕೂಡದು.

ಹೊಸತೇ ಬೇಕಾದರೆ ಹಳೆಯದರ ಪಾರ್ಟ್ ನಂಬರ್ ನೋಡಿಯೇ ತನ್ನಿ. ನೋಡಲು ಒಂದೇ ಥರ ಇದ್ದು, ಕನೆಕ್ಟರ್ ಕೂಡ ಸರಿಹೊಂದಿ, ಕ್ಯಾಲಿಬ್ರೇಷನ್ ಬೇರೆ ಇರುವುದುಂಟು. ಆಗ ತೊಂದರೆ ಹೊಸ ರೂಪದಲ್ಲಿ ಮುಂದುವರಿಯುತ್ತದೆ. ಸೆನ್ಸರ್ ಮೇಲಿನ ಬಾಣದ ಗುರುತು ಎಂಜಿನ್ ಕಡೆಗಿರಲಿ, ಓ-ರಿಂಗ್ ಮಡಚಿಕೊಳ್ಳದಿರಲಿ. ಪ್ಲಾಸ್ಟಿಕ್ ಥ್ರೆಡ್ ಬೇಗ ಹಾಳಾಗುತ್ತದೆ, ಸ್ಕ್ರೂ ಹದವಾಗಿ ಬಿಗಿಯಿರಿ. ಕೊನೆಗೆ ಕೋಡ್ ಅಳಿಸಿ ಓಡಿಸಿ. ಲಾಂಗ್ ಟರ್ಮ್ ಫ್ಯೂಯಲ್ ಟ್ರಿಮ್ (ಇಸಿಯು ಇಂಧನವನ್ನು ಎಷ್ಟು ಹೆಚ್ಚು-ಕಡಿಮೆ ಮಾಡುತ್ತಿದೆ ಎಂಬ ಲೆಕ್ಕ) ಆಮೇಲೂ +10 ಶೇಕಡಾ ದಾಟಿದರೆ ಗಾಳಿ ಸೋರಿಕೆಯನ್ನೋ ಫ್ಯೂಯಲ್ ಪ್ರೆಷರನ್ನೋ ಹುಡುಕಬೇಕು.

ಪ್ರಶ್ನೆ: ಎಣ್ಣೆ ಹಚ್ಚುವ ಕಾಟನ್ ಏರ್ ಫಿಲ್ಟರ್ ಹಾಕಿದ್ದೇನೆ. ಸೆನ್ಸರ್‌ಗೆ ತೊಂದರೆಯೆ?

ಉತ್ತರ: ಎಣ್ಣೆ ಹೆಚ್ಚಾದರೆ ಹೌದು. ಅದು ಸೆನ್ಸರ್ ಮೇಲೆ ಕೂತು ಧೂಳು ಹಿಡಿಯುತ್ತದೆ, ರೀಡಿಂಗ್ ತಪ್ಪುತ್ತದೆ. ದಿನನಿತ್ಯದ ಓಡಾಟಕ್ಕೆ ಪೇಪರ್ ಫಿಲ್ಟರೇ ಸಾಕು.